ಡೀಸೆಲ್ ಕುಡಿದ ಮಣ್ಣಿಗೆ ಗಾಳಿ ಕೊಡಿ

ನೆಲದಡಿಯ ಡೀಸೆಲ್ ಟ್ಯಾಂಕ್ ಸೋರಿದರೆ ಕೋಲಾರ, ಮಾಲೂರು ಕಡೆಯ ಮಾಲೀಕರು ಮೊದಲು ಕೇಳುವುದು ಇದನ್ನೇ: "ಸಾರ್, ಜೆಸಿಬಿ ತರಿಸಿ ಮಣ್ಣು ಎತ್ತಿಸಿಬಿಡೋಣ್ವಾ?" ಎತ್ತಿಸಬಹುದು. ಆದರೆ ಹಾಕುವುದೆಲ್ಲಿ? ಊರಾಚೆ ಸುರಿದರೆ ಮುಂದಿನ ಮಳೆಗೆ ಅದೇ ಎಣ್ಣೆ ಕೆರೆ ಸೇರುತ್ತದೆ. ಕಟ್ಟಡದ ಬುಡಕ್ಕೆ ಇಳಿದಿದ್ದರಂತೂ ಅಗೆಯೋಕೂ ಆಗಲ್ಲ.

ಡೀಸೆಲ್ ತಿನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಆ ಮಣ್ಣಲ್ಲೇ ಇರುತ್ತವೆ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ದ್ರಾವಣ ಸುರಿಯುವುದು ಹೆಚ್ಚಿನ ಕಡೆ ಸುಮ್ನೆ ದುಡ್ಡು ದಂಡ. ಅವಕ್ಕೆ ಕಮ್ಮಿಯಾಗುವುದು ಆಕ್ಸಿಜನ್. ಒಂದು ಕೆಜಿ ಡೀಸೆಲ್ ತಿಂದು ಮುಗಿಸಲು ಅವಕ್ಕೆ ಸುಮಾರು 3.5 ಕೆಜಿ ಆಕ್ಸಿಜನ್ ಬೇಕು. ಮಣ್ಣಿನ ಸಂದುಗಳಲ್ಲಿದ್ದದ್ದು ಮುಗಿದರೆ ಕೆಲಸ ನಿಂತ ಹಾಗೆಯೇ. ಅದಕ್ಕೇ ತೂತಿನ ಪೈಪ್ ಇಳಿಸಿ, ಸಣ್ಣ ಬ್ಲೋವರ್‌ನಿಂದ ಗಾಳಿ ಬಿಡುತ್ತೇವೆ. ಇದೇ ಬಯೋವೆಂಟಿಂಗ್. ಅಮೆರಿಕದ ಯೂಟಾ ರಾಜ್ಯದ ಹಿಲ್ ವಾಯುನೆಲೆಯಲ್ಲಿ ಚೆಲ್ಲಿದ ವಿಮಾನ ಇಂಧನಕ್ಕೆ 1980ರ ದಶಕದ ಕೊನೆಯಲ್ಲೇ ಇದನ್ನು ಬಳಸಿದ್ದರು.

ಗಾಳಿ ನಿಧಾನಕ್ಕೇ ಹೋಗಬೇಕು. ಜೋರಾಗಿ ಊದಿದರೆ ಎಣ್ಣೆಯ ಆವಿ ಪಕ್ಕದ ಮನೆಯ ನೀರಿನ ಸಂಪ್‌ನೊಳಗೆ ನುಗ್ಗಬಹುದು. ಪೆಟ್ರೋಲ್ ಸೋರಿದ ಕಡೆ ಈ ಭಯ ಇನ್ನೂ ಜಾಸ್ತಿ. ಅಲ್ಲಿ ಆವಿಯನ್ನು ಹೀರಿ ತೆಗೆಯುವುದೇ ಸರಿ.

ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಒಂದು ದಿನ ಗಾಳಿ ಬಿಟ್ಟು ನಿಲ್ಲಿಸುತ್ತೇವೆ. ಆಮೇಲೆ ಕೆಲವು ಗಂಟೆಗೊಮ್ಮೆ ಮಣ್ಣೊಳಗಿನ ಗಾಳಿಯನ್ನು ಹೀರಿ ಮೀಟರ್‌ಗೆ ಕೊಡುತ್ತೇವೆ. ಶೇ 20ರಲ್ಲಿದ್ದ ಆಕ್ಸಿಜನ್ ಒಂದೆರಡು ದಿನದಲ್ಲಿ ಶೇ 5ಕ್ಕೆ ಇಳಿದರೆ ಒಳಗೆ ಊಟ ಜೋರಾಗಿ ನಡೆದಿದೆ ಅಂತ ಅರ್ಥ. ಅಲ್ಲಾಡದೆ ನಿಂತಿದ್ದರೆ ಅಲ್ಲಿ ಎಣ್ಣೆ ಇಲ್ಲ, ಇಲ್ಲವೇ ಮಣ್ಣು ತೀರಾ ಒಣಗಿದೆ. ಈ ಪರೀಕ್ಷೆ ಬಿಟ್ಟು ಕೊಟೇಶನ್ ಕೊಡುವವರನ್ನು ನಂಬಬೇಡಿ.

ನಮ್ಮ ಜಿಲ್ಲೆಗೆ ಇದು ಒಗ್ಗುತ್ತದೆ. ಅಂತರ್ಜಲ ಆಳದಲ್ಲಿರುವ ಕಡೆ ಗಾಳಿ ಓಡಾಡಲು ನೀರು ತುಂಬದ ಪದರ ಬೇಕಾದಷ್ಟಿರುತ್ತದೆ. ನೆಲವೂ ಬೆಚ್ಚಗಿರುತ್ತದೆ. ತೊಂದರೆ ಕೊಡುವುದು ಜೇಡಿ ಪದರ. ಅದರೊಳಗೆ ಗಾಳಿ ಹೋಗಲ್ಲ. ಕೆಳಗೆ ಬಂಡೆ ಬಿರುಕು ಬಿಟ್ಟಿದ್ದರೆ ಗಾಳಿ ಅಲ್ಲೇ ನುಸುಳಿಹೋಗುತ್ತದೆ. ಎಣ್ಣೆ ಆ ಬಿರುಕು ಹಿಡಿದು ಬೋರ್‌ವೆಲ್ ತಲುಪುವ ಮುಂಚೆ ಕೆಲಸ ಶುರುವಾಗಬೇಕು ಅನ್ನುವುದೇ ನನ್ನ ಅವಸರ.

ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೂ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಪುಡಿಯ ಗುಡ್ಡೆಗಳು) ಇದನ್ನೇ ಮಾಡಬಹುದಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಅಲ್ಲಿರುವ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲ್ಲ.

ಡೀಸೆಲ್ ಮಣ್ಣಿಗೆ ಹಲವು ತಿಂಗಳು, ಕೆಲವೊಮ್ಮೆ ಎರಡು ವರ್ಷವೂ ಬೇಕು. ವಾಸನೆ ಹೋಯಿತು ಅಂತ ಬ್ಲೋವರ್ ಆರಿಸಬೇಡಿ. ಮೊದಲಿನ ಪರೀಕ್ಷೆಯನ್ನೇ ಆಗಾಗ ಮಾಡಿ, ಪಕ್ಕದ ಶುದ್ಧ ಮಣ್ಣಿನಷ್ಟೇ ನಿಧಾನಕ್ಕೆ ಆಕ್ಸಿಜನ್ ಇಳಿಯತೊಡಗಿದಾಗ ಆಳದ ಮಣ್ಣು ತೆಗೆಸಿ ಲ್ಯಾಬ್‌ಗೆ ಕಳಿಸಿ.