ಹಸೆಗೋಡೆಯ ಎಳೆ ನೋಡುವವರು ಯಾರು?

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರು ಎಂಬ ಸಮುದಾಯದವರ ಮನೆಯಲ್ಲಿ ಮದುವೆ ಎಂದರೆ ಮೊದಲು ಗೋಡೆಗೆ ಕೆಮ್ಮಣ್ಣು ಬಳಿಯಬೇಕು. ಅದು ಒಣಗಿದ ಮೇಲೆ ಹೆಂಗಸರು ಹಸೆ ಚಿತ್ತಾರ ಎಂಬ ಗೋಡೆಚಿತ್ರ ಬರೆಯಲು ಕೂರುತ್ತಾರೆ. ಬಿಳಿಗೆ ಅರೆದ ಅಕ್ಕಿ, ಕಪ್ಪಿಗೆ ಕರಕಾಗುವಂತೆ ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ನಾರನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಒಂದು ಎಳೆ. ಅದರ ಪಕ್ಕ ಇನ್ನೊಂದು. ಎಳೆ ನಡುಗಿದರೆ ಪಕ್ಕದಲ್ಲಿ ಕೂತ ಅಜ್ಜಿ ಸುಮ್ನೆ ಬಿಡುವುದಿಲ್ಲ. ಎಲ್ಲಿ ದಪ್ಪ ಆಯಿತು, ಎಲ್ಲಿ ಅಂತರ ತಪ್ಪಿತು ಎಂದು ಬೆರಳಿಟ್ಟು ತೋರಿಸುತ್ತಾರೆ.

ಇದೂ ವಿಮರ್ಶೆಯೇ ಅಲ್ವಾ? ಅಚ್ಚಿನಲ್ಲಿ ಮಾತ್ರ ಇದಕ್ಕೆ ಸಿಕ್ಕ ಜಾಗ ಬಹಳ ಕಡಿಮೆ.

ಹಾಗಂತ ಕಲೆಯ ಬಗ್ಗೆ ವಾದ ಮಾಡುವುದು ಈ ಸೀಮೆಗೆ ಹೊಸದಲ್ಲ. ಇಲ್ಲೇ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿತು. 1973ರಲ್ಲಿ ಅದರ ಚಿತ್ರಸಮಾಜ ಶುರುವಾಗಿ, ಅಡಿಕೆ ತೋಟದ ಊರಿನವರು ಹೊರದೇಶದ ಸಿನಿಮಾ ನೋಡಿ ಚರ್ಚಿಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. 1991ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು. ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಬಿಡಿಸಿ ಮಾತಾಡುವ ರೂಢಿ ಬೆಳೆದ ನೆಲ ಇದು.

ಚಿತ್ತಾರಕ್ಕೆ ಮಾತ್ರ ಬೇರೆ ನ್ಯಾಯ. ದೀವರು ಗೇಣಿ ಮಾಡುತ್ತಿದ್ದವರು, 1951ರ ಕಾಗೋಡು ಸತ್ಯಾಗ್ರಹದಲ್ಲಿ ಜಮೀನಿನ ಒಡೆಯರ ಎದುರು ನಿಂತವರು. ಆ ಹೋರಾಟದ ಬಗ್ಗೆ ಬರೆದವರು ಎಷ್ಟೋ ಜನ. ಅದೇ ಮನೆಯ ಹೆಂಗಸರ ಗೆರೆ ಮಾತ್ರ 'ಜನಪದ' ಎಂಬ ಗೂಡಿನಲ್ಲೇ ಉಳಿಯಿತು. ಜನಪದ ಎಂದ ಕೂಡಲೇ ಬರೆದವರ ಹೆಸರು ಕೇಳುವುದೇ ನಿಂತುಹೋಗುತ್ತದೆ. ನನಗೆ ಜಾಸ್ತಿ ನೋವಾಗುವುದು ಇಲ್ಲೇ.

ಈಗ ಮಣ್ಣಿನ ಗೋಡೆ ಸಿಮೆಂಟಾಗಿದೆ. ಚಿತ್ತಾರ ಕ್ಯಾನ್ವಾಸಿಗೆ, ಸೀರೆಗೆ, ಕೈಚೀಲಕ್ಕೆ ಬಂದಿದೆ. ಅದರಿಂದ ಹೆಂಗಸರ ಕೈಗೆ ನಾಲ್ಕು ಕಾಸು ಸೇರಿದರೆ ಒಳ್ಳೆಯದೇ. ಆದರೆ ಹಸೆಗೋಡೆಯ ಮುಂದೆ ಮದುಮಕ್ಕಳು ಕೂರುತ್ತಿದ್ದರು. ಗೋಡೆಯ ಚಿತ್ರವನ್ನು ಒಂದಡಿ ಚೌಕಟ್ಟಿಗೆ ಇಳಿಸುವಾಗ ಯಾವ ಎಳೆ ಉಳಿಯಬೇಕು, ಯಾವುದು ಹೋಗಬೇಕು? ಅದನ್ನು ಯಾರೋ ಕೂತು ತೀರ್ಮಾನಿಸಿರುತ್ತಾರೆ. ವಿನ್ಯಾಸ ಅಂದರೆ ಆ ತೀರ್ಮಾನವೇ. ಅದನ್ನು ಬಿಟ್ಟು 'ಅಳಿವಿನಂಚಿನ ಕಲೆ' ಎಂದು ಎರಡು ಸಾಲು ಬರೆದರೆ ಏನು ತಿಳಿಯುತ್ತದೆ?

ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದಲ್ಲಿ ಗದ್ದೆಗೆ ಹೊರುವ ಬುಟ್ಟಿಯ ಮೇಲೂ ಇವೇ ಎಳೆಗಳು. ಬುಟ್ಟಿ ದುಂಡಗೆ, ಎಳೆ ನೇರ. ಇವೆರಡನ್ನೂ ಒಬ್ಬೊಬ್ಬರ ಕೈ ಒಂದೊಂದು ರೀತಿ ಹೊಂದಿಸುತ್ತದೆ. ಎರಡು ಮನೆಯ ಬುಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಬರೆದವರ ಹೆಸರು ಹಾಕಿ, ಆ ವ್ಯತ್ಯಾಸ ಬಿಡಿಸಿ ಹೇಳುವ ಒಂದು ಲೇಖನಕ್ಕೆ ನಾನು ಕಾಯುತ್ತಿದ್ದೇನೆ.