ಡ್ರೋಗ್ಬಾ ನಿಜವಾಗ್ಲೂ ಯುದ್ಧ ನಿಲ್ಲಿಸಿದ್ನಾ?

"ಡ್ರೋಗ್ಬಾ ಅನ್ನೋ ಫುಟ್ಬಾಲ್ ಆಟಗಾರ ತನ್ನ ದೇಶದ ಯುದ್ಧಾನೇ ನಿಲ್ಲಿಸ್ಬಿಟ್ಟ ಅಂತ ವಾಟ್ಸಾಪ್‌ನಲ್ಲಿ ಬರ್ತಾನೇ ಇರುತ್ತೆ, ಇದು ನಿಜಾನಾ ಇಲ್ಲ ಕಟ್ಟುಕತೆನಾ?"

ತುಂಬಾ ಜನ ಕೇಳೋ ಪ್ರಶ್ನೆ ಇದು, ನೇರವಾಗಿ ಹೇಳ್ಬಿಡ್ತೀನಿ. ಯುದ್ಧ ನಿಲ್ಲಿಸಿ ಅಂತ ಅವನು ಟಿವಿ ಕ್ಯಾಮೆರಾ ಮುಂದೆ ಕೇಳ್ಕೊಳ್ಳೋ ವಿಡಿಯೋ ನಿಜ, ಮಂಡಿಯೂರಿ ಬೇಡ್ಕೊಂಡಿದ್ದೂ ನಿಜ, ಆದ್ರೆ ಅವನು ಮಾತಾಡಿದ ವಾರದೊಳಗೆ ಎಲ್ರೂ ಬಂದೂಕು ಕೆಳಗಿಟ್ರು ಅನ್ನೋದು ಸುಳ್ಳು. ಶಾಂತಿ ಒಪ್ಪಂದ ಆಗೋಕೆ ಆಮೇಲೂ ಸುಮಾರು ಒಂದೂವರೆ ವರ್ಷ ಹಿಡೀತು.

ಡ್ರೋಗ್ಬಾನ ದೇಶ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್. ಅಲ್ಲಿ ಗಲಾಟೆ ಶುರುವಾಗಿದ್ದು 2002ರ ಸೆಪ್ಟೆಂಬರ್‌ನಲ್ಲಿ. ದೇಶ ಎರಡು ಹೋಳಾಯ್ತು, ಉತ್ತರ ಬಂಡುಕೋರರ ಕೈಲಿ, ದಕ್ಷಿಣ ಸರ್ಕಾರದ ಕೈಲಿ, ನಡುವೆ ಫ್ರಾನ್ಸ್ ಮತ್ತು ವಿಶ್ವಸಂಸ್ಥೆಯ ಸೈನಿಕರು. ಜಗಳದ ಬೇರು ಏನಪ್ಪಾ ಅಂದ್ರೆ, ಈ ದೇಶದ ಅಸಲಿ ಮಗ ಯಾರು ಅನ್ನೋದು. ಕೋಕೋ ತೋಟದ ಕೆಲಸಕ್ಕೆ ಬುರ್ಕಿನಾ ಫಾಸೊ, ಮಾಲಿ ಕಡೆಯಿಂದ ಬಂದು ತಲೆಮಾರುಗಟ್ಲೆ ಅಲ್ಲೇ ಇದ್ದವರನ್ನ, ಅವರ ಜೊತೆಗೆ ಉತ್ತರದ ಮುಸ್ಲಿಮರನ್ನೂ ಹೊರಗಿನವರು ಅಂತ ನೋಡೋಕೆ ಶುರು ಮಾಡಿದ್ರು. ಇಷ್ಟು ಗೊತ್ತಿಲ್ದೆ ಆ ವಿಡಿಯೋ ನೋಡಿದ್ರೆ ಅದರ ತೂಕ ಗೊತ್ತಾಗಲ್ಲ, ಯಾಕಂದ್ರೆ ಡ್ರೋಗ್ಬಾ ಬೆಟೆ ಸಮುದಾಯದವನು, ಅಧ್ಯಕ್ಷ ಗ್ಬಾಗ್ಬೊ ಕೂಡ ಅದೇ ಸಮುದಾಯ, ಆದ್ರೆ ಅದೇ ತಂಡದಲ್ಲಿದ್ದ ಕೋಲೋ ಟೂರೆ, ಯಾಯಾ ಟೂರೆ ಅಣ್ಣತಮ್ಮಂದಿರು ಹುಟ್ಟಿದ್ದು ಬುವಾಕೆಯಲ್ಲಿ, ಬಂಡುಕೋರರು ರಾಜಧಾನಿ ಮಾಡ್ಕೊಂಡಿದ್ದ ಊರು ಅದು.

ಡ್ರೋಗ್ಬಾ ಹುಟ್ಟಿದ್ದು 1978ರಲ್ಲಿ ಅಬಿಜಾನ್‌ನಲ್ಲಿ. ಐದನೇ ವಯಸ್ಸಿಗೇ ಅಪ್ಪ ಅಮ್ಮನ್ನ ಬಿಟ್ಟು ಫ್ರಾನ್ಸ್‌ನಲ್ಲಿ ಫುಟ್ಬಾಲ್ ಆಡ್ತಿದ್ದ ಸಂಬಂಧಿಕರ ಮನೆಗೆ ಹೋದ, ಮೂರು ವರ್ಷಕ್ಕೆ ವಾಪಸ್ ಬಂದ, ಮತ್ತೆ ಹೋದ. ಮೊದಲ ಪ್ರೊಫೆಷನಲ್ ಕಾಂಟ್ರ್ಯಾಕ್ಟ್ ಸಿಕ್ಕಿದ್ದು 21ಕ್ಕೆ, ಫ್ರಾನ್ಸ್‌ನ ಲ ಮಾನ್ಸ್ ಕ್ಲಬ್‌ನಲ್ಲಿ. ಫುಟ್ಬಾಲ್‌ನಲ್ಲಿ ಅದು ತೀರಾ ತಡ. ಆಮೇಲೆ ಗ್ಯಾಂಗಾಂ, ಒಂದೇ ಸೀಸನ್ ಮಾರ್ಸೆ, 2004ರಲ್ಲಿ 2.4 ಕೋಟಿ ಪೌಂಡ್‌ಗೆ ಇಂಗ್ಲೆಂಡ್‌ನ ಚೆಲ್ಸಿ ಕ್ಲಬ್. ಬಂದ ಮೊದಲ ಸೀಸನ್‌ನಲ್ಲೇ ಚೆಲ್ಸಿ 50 ವರ್ಷದ ಮೇಲೆ ಲೀಗ್ ಗೆಲ್ತು.

ಈಗ ಆ ದಿನಕ್ಕೆ ಬರೋಣ, 2005ರ ಅಕ್ಟೋಬರ್ 8. ವರ್ಲ್ಡ್ ಕಪ್ ಕ್ವಾಲಿಫೈಯರ್ ಕೊನೇ ದಿನ, ಕ್ಯಾಮರೂನ್ ಒಂದು ಪಾಯಿಂಟ್ ಮುಂದೆ. ಐವರಿ ಕೋಸ್ಟ್ ಸುಡಾನ್‌ನಲ್ಲಿ 3-1 ಗೆದ್ದಿತ್ತು, ಅಷ್ಟು ಸಾಲ್ತಿರ್ಲಿಲ್ಲ, ಕ್ಯಾಮರೂನ್ ತನ್ನ ರಾಜಧಾನಿ ಯಾವುಂಡೆಯಲ್ಲಿ ಗೆಲ್ಲಬಾರ್ದಿತ್ತು. ಅಲ್ಲಿ ಈಜಿಪ್ಟ್ ಜೊತೆ 1-1, ಟೈಮ್ ಮುಗಿದು ಎಕ್ಸ್ಟ್ರಾ ನಿಮಿಷ ನಡೀತಿರುವಾಗ ಕ್ಯಾಮರೂನ್‌ಗೆ ಪೆನಾಲ್ಟಿ ಸಿಕ್ತು. ಪಿಯರ್ ವೊಮೆ ಹೊಡೆದ ಚೆಂಡು ಪೋಸ್ಟ್‌ಗೆ ಬಡೀತು. ಐವರಿ ಕೋಸ್ಟ್ ಮೊದಲ ಸಲ ವರ್ಲ್ಡ್ ಕಪ್‌ಗೆ!

ಡ್ರೆಸ್ಸಿಂಗ್ ರೂಮ್‌ಗೆ ಟಿವಿ ಕ್ಯಾಮೆರಾ ಬಂತು. ಡ್ರೋಗ್ಬಾ ಮೈಕ್ ತಗೊಂಡ. ಸುತ್ತ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕ್ಕೊಂಡಿದ್ದಾರೆ. ಉತ್ತರ, ದಕ್ಷಿಣ, ಮಧ್ಯ, ಪಶ್ಚಿಮದ ಜನರೇ ಅಂತ ಶುರು ಮಾಡಿ, ನಾವೆಲ್ಲಾ ಒಟ್ಟಿಗೆ ಬಾಳ್ಬಹುದು ಅಂತ ಇವತ್ತು ತೋರಿಸಿದ್ದೀವಿ ಅಂದ, ಆಮೇಲೆ ಮಂಡಿಯೂರಿದ, ತಂಡದವರೆಲ್ಲಾ ಜೊತೆಗೇ ಊರಿದ್ರು. ಕ್ಷಮಿಸಿ, ಆಯುಧ ಕೆಳಗಿಡಿ, ಚುನಾವಣೆ ಮಾಡಿ ಅಂತ ಕೇಳ್ಕೊಂಡ. ನಾನು ಎಷ್ಟು ಸಲ ನೋಡಿದ್ರೂ ಆ ಮಂಡಿಯೂರೋ ಕ್ಷಣದಲ್ಲಿ ಗಂಟಲು ಕಟ್ಟುತ್ತೆ.

ಆದ್ರೆ ಆ ತಿಂಗಳು ಆಗ್ಬೇಕಿದ್ದ ಚುನಾವಣೆ ಮುಂದಕ್ಕೆ ಹೋಯ್ತು, 2010ರ ತನಕ ಹೋಗ್ತಾನೇ ಇತ್ತು. ಯುದ್ಧ ಮುಗಿಸೋ ಒಪ್ಪಂದ ಆಗಿದ್ದು 2007ರ ಮಾರ್ಚ್‌ನಲ್ಲಿ ಬುರ್ಕಿನಾ ಫಾಸೊದ ಊಗಡೂಗುನಲ್ಲಿ, ಗ್ಬಾಗ್ಬೊ ಮತ್ತು ಬಂಡುಕೋರರ ನಾಯಕ ಸೊರೊ ಸಹಿ ಹಾಕಿದ್ರು, ಸೊರೊ ಪ್ರಧಾನಿ ಆದ. ಅದು ರಾಜಕಾರಣಿಗಳು ಕೂತು ಮಾಡಿದ ಕೆಲಸ, ಆ ಶ್ರೇಯಸ್ಸನ್ನ ಫುಟ್ಬಾಲ್‌ಗೆ ಕೊಡೋದು ತಪ್ಪು.

ನನ್ನ ಕೇಳಿದ್ರೆ ಡ್ರೋಗ್ಬಾ ಮಾಡಿದ ದೊಡ್ಡ ಕೆಲಸ ಆ ವಿಡಿಯೋ ಅಲ್ವೇ ಅಲ್ಲ, ಆಮೇಲಿಂದು. ಆಫ್ರಿಕಾದ ವರ್ಷದ ಆಟಗಾರ ಅಂತ ಟ್ರೋಫಿ ಸಿಕ್ಕಾಗ ಅದನ್ನ ಹಿಡ್ಕೊಂಡು ಸೀದಾ ಬುವಾಕೆಗೆ ಹೋದ, ಮಡಗಾಸ್ಕರ್ ಮೇಲಿನ ಮ್ಯಾಚ್ ಇಲ್ಲೇ ಆಗ್ಲಿ ಅಂದ. 2007ರ ಜೂನ್ 3ಕ್ಕೆ ಅಲ್ಲೇ ಆಯ್ತು, 5-0, ಐದನೇ ಗೋಲು ಅವನದೇ. ಹೊರಗಿನವರು ಅಂತ ಹೇಳಿಸ್ಕೊಂಡಿದ್ದ ಜನ ತಮ್ಮೂರಲ್ಲೇ ಕೂತು ತಮ್ಮ ದೇಶದ ತಂಡಕ್ಕೆ ಕೂಗಿದ್ರು. ಮುಂದಿನ ತಿಂಗಳು ಗ್ಬಾಗ್ಬೊ ಅದೇ ಊರಿಗೆ ಬಂದ, ಯುದ್ಧ ಶುರುವಾದ ಮೇಲೆ ಮೊದಲ ಸಲ, ಆಯುಧಗಳನ್ನ ರಾಶಿ ಹಾಕಿ ಸುಟ್ರು.

ಅಲ್ಲಿಗೂ ಮುಗೀಲಿಲ್ಲ. 2010ರ ಚುನಾವಣೆ ಫಲಿತಾಂಶದ ಜಗಳದಲ್ಲಿ ಸುಮಾರು 3000 ಜನ ಸತ್ರು. 2011ರಲ್ಲಿ ಸತ್ಯ ಮತ್ತು ಸಂಧಾನ ಆಯೋಗ ಆದಾಗ ಡ್ರೋಗ್ಬಾ ಅದರ ಸದಸ್ಯನಾದ. ಆ ವಿಡಿಯೋ ಫಾರ್ವರ್ಡ್ ಮಾಡೋರು ಯಾರೂ ಇದನ್ನ ಬರೆಯಲ್ಲ, ಬರೀಬೇಕು.

ಆಟದಲ್ಲಿ 2012ರ ಮ್ಯೂನಿಕ್ ಫೈನಲ್ ಎಲ್ರಿಗೂ ನೆನಪಿರುತ್ತೆ, 88ನೇ ನಿಮಿಷಕ್ಕೆ ತಲೆಯಿಂದ ಗೋಲು, ಕೊನೇ ಪೆನಾಲ್ಟಿನೂ ಅವನದೇ, ಚೆಲ್ಸಿಗೆ ಮೊದಲ ಚಾಂಪಿಯನ್ಸ್ ಲೀಗ್. ಆದ್ರೆ ದೇಶಕ್ಕೆ 60ಕ್ಕೂ ಹೆಚ್ಚು ಗೋಲು ಹೊಡೆದವನಿಗೆ ಆಫ್ರಿಕಾ ಕಪ್ ಸಿಗ್ಲೇ ಇಲ್ಲ, 2006 ಮತ್ತು 2012 ಎರಡೂ ಫೈನಲ್ ಶೂಟೌಟ್‌ನಲ್ಲಿ ಹೋಯ್ತು, 2006ರಲ್ಲಿ ಶೂಟೌಟ್‌ನಲ್ಲೇ, 2012ರಲ್ಲಿ ಆಟದ ನಡುವೆ, ಅವನೇ ಒಂದೊಂದು ಪೆನಾಲ್ಟಿ ಮಿಸ್ ಮಾಡಿದ್ದ. 2014ರಲ್ಲಿ ದೇಶದ ತಂಡದಿಂದ ರಿಟೈರ್ ಆದ, 2015ರಲ್ಲಿ ತಂಡ ಗೆಲ್ತು.

2024ರಲ್ಲಿ ಆಫ್ರಿಕಾ ಕಪ್ ಐವರಿ ಕೋಸ್ಟ್‌ನಲ್ಲೇ ನಡೀತು. ಕ್ವಾರ್ಟರ್ ಫೈನಲ್ ಮಾಲಿ ಮೇಲೆ, ಬುವಾಕೆಯಲ್ಲಿ. 43ನೇ ನಿಮಿಷಕ್ಕೇ ಐವರಿ ಕೋಸ್ಟ್‌ನ ಒಬ್ಬನಿಗೆ ರೆಡ್ ಕಾರ್ಡ್, ಹತ್ತೇ ಜನ, ಒಂದು ಗೋಲು ಹಿಂದೆ, 90ನೇ ನಿಮಿಷಕ್ಕೆ ಸಮ ಮಾಡಿ ಎಕ್ಸ್ಟ್ರಾ ಟೈಮ್‌ನ ಕೊನೇ ಉಸಿರಲ್ಲಿ 2-1 ಗೆದ್ರು, ಆಮೇಲೆ ಕಪ್ಪೂ ಗೆದ್ರು. ಬುವಾಕೆಯ ಆ ಸ್ಟೇಡಿಯಂ ಹೆಸರು ಶಾಂತಿ ಸ್ಟೇಡಿಯಂ.