ಮದ್ದು ಬಿಡುವ ಕೈಗೊಂದು ಬಟನ್

ಜುಲೈ ತಿಂಗಳು. ಪೆರ್ಲದ ಹತ್ತಿರ ಸೋದರಮಾವನ ಅಡಿಕೆ ತೋಟ. ಮಳೆ ಸ್ವಲ್ಪ ಹೊಳವಾಗಿತ್ತು. ಕೊಳೆರೋಗಕ್ಕೆ ಎರಡನೇ ಸಲ ಮದ್ದು ಬಿಡುತ್ತಿದ್ದರು. ಮದ್ದು ಬಿಟ್ಟ ದಿನ, ಲೆಕ್ಕ ಬರೆದಿಡಲು ನಾನು ವಿನ್ಯಾಸ ಮಾಡಿದ ಆ್ಯಪನ್ನು ಮಾವನ ಕೈಗೆ ಕೊಟ್ಟು ಸುಮ್ನೆ ಪಕ್ಕಕ್ಕೆ ನಿಂತೆ. ಅವರ ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯ ಬೆರಳಿಗೆಲ್ಲ ಸುಣ್ಣ, ಮೈಲುತುತ್ತು. ಒತ್ತಿದ್ದು ‘ಉಳಿಸಿ’, ತೆರೆದದ್ದು ಕ್ಯಾಲೆಂಡರು.

“ಇದಕ್ಕೆ ಹೇಳಿದ್ದು ಕೇಳುವುದೇ ಇಲ್ಲವಲ್ಲ ಮಾರಾಯ” ಎಂದು ಫೋನನ್ನು ವಾಪಸ್ ಕೊಟ್ಟರು.

ಟಚ್ ಸ್ಕ್ರೀನು ಬೆರಳನ್ನು ಗುರುತಿಸುವುದು ಗಾಜಿನ ಮೇಲಿನ ವಿದ್ಯುತ್ ಕ್ಷೇತ್ರದಲ್ಲಾಗುವ ಸಣ್ಣ ಬದಲಾವಣೆಯಿಂದ. ನೀರಿನ ಹನಿ ಬಿದ್ದರೂ ಆ ಕ್ಷೇತ್ರ ಬದಲಾಗುತ್ತದೆ. ಬೆರಳು ಯಾವುದು, ಹನಿ ಯಾವುದು ಅಂತ ಫೋನಿಗೆ ಗೊಂದಲ. ಬಟನ್ ಕನಿಷ್ಠ 48 ಡಿಪಿ (ಸ್ಕ್ರೀನಿನ ಮೇಲಿನ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಇರಲಿ ಅನ್ನುತ್ತದೆ ಆಂಡ್ರಾಯ್ಡ್. ನನ್ನದು ಸರಿಯಾಗಿ ಅಷ್ಟೇ ಇತ್ತು. ತೋಟದಲ್ಲಿ ಸಾಲಲಿಲ್ಲ.

‘ಬಳಸಲು ಸುಲಭ’ ಅಂದರೆ ಸಾಲದು. ಯಾರಿಗೆ, ಯಾವ ಕೆಲಸಕ್ಕೆ, ಎಂಥ ಜಾಗದಲ್ಲಿ ಅಂತಲೂ ನೋಡಬೇಕು ಎನ್ನುವುದು 1998ರಲ್ಲೇ ಬಂದ ಐಎಸ್‌ಒ 9241-11 ಎಂಬ ಅಂತರರಾಷ್ಟ್ರೀಯ ಮಾನದಂಡದ ತಿರುಳು. ನಾನೂ ಓದಿದ್ದೆ, ಫ್ಯಾನಿನ ಕೆಳಗೆ ಕೂತು.

ಮೊದಲು ಬಟನ್ ದೊಡ್ಡದು ಮಾಡಿದೆ. ಅರ್ಧ ಗುಣವಾಯಿತು, ಅಷ್ಟೇ. ನಿಜವಾದ ತೊಂದರೆ ಆ್ಯಪಿನಲ್ಲಿ ತುಂಬಬೇಕಾದ ಫಾರ್ಮಿನದ್ದು. ನೂರು ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ: ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಈ ಲೆಕ್ಕ ಇಲ್ಲಿನ ಕೃಷಿಕರಿಗೆ ಬಾಯಿಪಾಠ. ಅದನ್ನು ಪ್ರತಿ ಸಲ ಟೈಪ್ ಮಾಡಿಸುತ್ತಿದ್ದೆ! ಎಷ್ಟು ಡ್ರಮ್ಮು, ಎಷ್ಟು ಆಳು, ಎಷ್ಟು ಕೂಲಿ ಅಂತಲೂ ಕೇಳುತ್ತಿದ್ದೆ. ಆ ಮನೆಯಲ್ಲಿ ಅದನ್ನೆಲ್ಲ ಬರೆದಿಡುವವರು ಅತ್ತೆ. ಸಂಜೆ, ಜಗಲಿಯಲ್ಲಿ, ಒಣ ಕೈಯಲ್ಲಿ.

ಈಗ ತೋಟದಲ್ಲಿ ಒಂದೇ ಬಟನ್, ಹೆಬ್ಬೆರಳಿಗೆ ಸಿಗುವ ಹಾಗೆ ಸ್ಕ್ರೀನಿನ ಕೆಳಗೆ, ಉದ್ದಕ್ಕೂ. ಒತ್ತಿದರೆ ಫೋನ್ ನಡುಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೂ ತಾರೀಕು ಫೋನಿನಲ್ಲೇ ಉಳಿಯುತ್ತದೆ. ಉಳಿದ ಪ್ರಶ್ನೆಗಳೆಲ್ಲ ಸಂಜೆ ಅತ್ತೆಯ ಫೋನಿಗೆ.

ಬಟನ್ ಮೇಲೆ ಮೊದಲು ‘ಸಿಂಪಡಣೆ ದಾಖಲಿಸಿ’ ಅಂತಿತ್ತು. ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? ‘ಮದ್ದು ಬಿಟ್ಟಾಯಿತು’ ಅಂತ ಬದಲಾಯಿಸಿದೆ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕನ್ನಡಕ್ಕೆ ಸಾಲುವುದಿಲ್ಲ, ಅಕ್ಷರದ ಕೆಳಗೆ ಒತ್ತು ಇರುತ್ತದಲ್ವಾ? ನನ್ನ ಫೋನಿನಲ್ಲಿ ಸರಿಯಾಗಿಯೇ ಕಾಣುತ್ತಿತ್ತು. ಕನ್ನಡಕ ಮರೆತರೂ ಓದಬೇಕೆಂದು ಅತ್ತೆ ತಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ಅದರಲ್ಲಿ ಒತ್ತುಗಳೆಲ್ಲ ಕತ್ತರಿಸಿ ಹೋಗಿದ್ದವು.

“‘ಮದು ಬಿಟಾಯಿತು’ ಅಂದರೆ ಎಂತದು?” ಎಂದು ಕೇಳಿದರು ಅತ್ತೆ.